ಹನ್ನೆರಡೂ ಹದಿನೇಳು

ಲಗ್ಗೆರೆಯಲ್ಲಿ ಮೂರು ಮಾಳಿಗೆಯ ಮೇಲೆ
ನಮ್ಮದೊಂದು ಶೀಟಿನ ಮನೆ.
ಏಪ್ರಿಲ್ಲಿನಲ್ಲಿ ಬೆಳಿಗ್ಗೆ ಇಟ್ಟ ಮೊಸರು
ಮಧ್ಯಾಹ್ನಕ್ಕೇ ಹುಳಿ.
ಶೀಟಿನಲ್ಲಿ ಯಾರೋ ಮೊಳೆ ಕಿತ್ತ ತೂತು,
ಮೂಲೆಮೂಲೆಯಾಗಿ ಹರಿದದ್ದು;
ಅದರಿಂದ ನೆಲಕ್ಕೆ ಬಿದ್ದ ಬೆಳಕು ಮಾತ್ರ
ನಾಣ್ಯದ ಹಾಗೆ ದುಂಡಗೆ.
"ತೂತು ಹರಕು, ಬೆಳಕು ಯಾಕವ್ವ ದುಂಡು?"
ಹಿಟ್ಟು ನಾದುತ್ತಿದ್ದವಳನ್ನು ರೇಣುಕಿ ಕೇಳಿದಳು.
ಗೊತ್ತಿಲ್ಲ ಅಂದೆ.
ಎಲ್ಲ ಶುರುವಾದದ್ದು ಆ ಗೊತ್ತಿಲ್ಲದಿಂದಲೇ.

ವಾರ ಬಿಟ್ಟು ಅವಳೇ ಬಂದು ಹೇಳಿದಳು:
ಅದು ಬರೀ ಬೆಳಕಲ್ಲ, ಸೂರ್ಯನ ಚಿತ್ರ.
ರೊಟ್ಟಿ ಡಬ್ಬಿಯ ಪಕ್ಕ, ದಿನಾ,
ಸೂರ್ಯ ಬಂದು ಕೂತು ಹೋಗುತ್ತಿದ್ದ.
ನಾನೋ, ಎಣ್ಣೆ ಚೆಲ್ಲಿದೆಯೆಂದು
ಒಮ್ಮೆ ಒರೆಸಲು ಹೋಗಿದ್ದೆ.

ಆಮೇಲೆ ಬಂತು ಇಪ್ಪತ್ತನಾಲ್ಕನೇ ತಾರೀಕು, ಭಾನುವಾರ.
ಆವತ್ತು ಹನ್ನೆರಡೂ ಹದಿನೇಳಕ್ಕೆ ಬೆಂಗಳೂರಿನಲ್ಲಿ
ನೆಟ್ಟಗೆ ನಿಂತದ್ದಕ್ಕೆ ನೆರಳೇ ಇಲ್ಲವಂತೆ,
ರಜೆಗೆ ಮೊದಲೇ ಟೀಚರು ಹೇಳಿ ಕಳಿಸಿದ್ದರು.
ನೆಟ್ಟಗೆ ಅಂದರೆ ಎಷ್ಟು ನೆಟ್ಟಗೆ?
ಅದನ್ನು ನಮ್ಮನೆಯವರನ್ನೇ ಕೇಳಬೇಕು,
ಇಪ್ಪತ್ತು ವರ್ಷ ಕಂಡವರ ಗೋಡೆ ಎಬ್ಬಿಸಿದ ಮೇಸ್ತ್ರಿ.
ಅರ್ಧ ದಿನದ ಕೂಲಿ ಬಿಟ್ಟು ಬಂದರು,
ಚೀಲದಿಂದ ರಸಮಟ್ಟ ತೆಗೆದರು, ತೂಗುಗುಂಡು ತೆಗೆದರು,
ತಾರಸಿಯ ಇಳಿಜಾರು ಹಾಕಿದವನಿಗೆ ಮನಸಾರೆ ಬೈದರು,
ಹಲಗೆಯಡಿ ಹೆಂಚಿನ ಚೂರು ತುರುಕಿ ತುರುಕಿ
ಗುಳ್ಳೆ ನಡುವಿಗೆ ಬಂದು ನಿಲ್ಲುವ ತನಕ
ಉಸಿರು ಬಿಡಲಿಲ್ಲ.
ಅದರ ಮೇಲೊಂದು ಪೈಪಿನ ತುಂಡು, ಗುಂಡಿನ ದಾರಕ್ಕೆ ಸರಿಯಾಗಿ.
ಎಷ್ಟು ಮನೆಯ ಮಾಲೀಕರು ಅವರ ಕೆಲಸ ನೋಡಿದ್ದಾರೋ!
ಮಗಳು ನೋಡಿದ ಹಾಗೆ ಯಾರೂ ನೋಡಿರಲಾರರು.

ಗಾರ್ಮೆಂಟ್ಸಿನಿಂದ ನಾನು ತಂದ ನೀಲಿ ಚಾಕಿನ ಚೂರಲ್ಲಿ
ನೆರಳಿನ ತುದಿಗೆ ಗುರುತು.
ಹನ್ನೊಂದಕ್ಕೊಂದು. ಹನ್ನೊಂದೂವರೆಗೊಂದು.
ಹನ್ನೆರಡಕ್ಕೆ ಬೆರಳಗಲ.
ಕಾಲು ಸುಡುತ್ತದೆಂದು ನೀರು ಚಿಮುಕಿಸಿದ ಗೋಣಿಚೀಲದ ಮೇಲೆ
ಐದೂ ಜನ, ಮದುವೆ ಮನೆಯಲ್ಲಿ
ಎಲೆ ಹಾಕುವುದನ್ನು ಕಾದವರ ಹಾಗೆ.
ಅತ್ತೆಗೆ ನಗು: "ಇದೇನ್ ಹೊಸಾದು?
ಹೊಲದಾಗ ನಮ್ಮ ನೆಳ್ಳು ನಾವ ಹೆಜ್ಜಿಲೆ ಅಳದು
ಬುತ್ತಿ ಬಿಚ್ಚತಿದ್ವಿ."
ರೇಣುಕಿ ಅದನ್ನೂ ಬರೆದುಕೊಂಡಳು.

ಹದಿನೈದು. ಹದಿನಾರು.
ಒಂದು ಮೋಡದ ಚೂರು ಪೀಣ್ಯದ ಕಡೆಯಿಂದ
ನಮ್ಮ ಮೇಲೇ ಬರುವಂತೆ ಬಂದು,
ಮನಸ್ಸು ಬದಲಿಸಿ ಹೋಯಿತು.

ಹದಿನೇಳು.

ಪೈಪು ಇತ್ತು. ನೆರಳಿಲ್ಲ.
ನೀರಿನ ಡ್ರಮ್ಮು ತನ್ನ ಕಪ್ಪನ್ನೆಲ್ಲ
ತಾನೇ ನುಂಗಿಕೊಂಡಿತ್ತು.
ಒಂದು ಗಳಿಗೆ ಯಾರೂ ಮಾತಾಡಲಿಲ್ಲ;
ಕೆಳಗೆ ಗ್ರಿಲ್ ಅಂಗಡಿಯ ಮಷೀನೊಂದು ಕಿರುಚುತ್ತಿತ್ತು, ಅಷ್ಟೆ.
ಸಣ್ಣವನು ಸಿದ್ದು ಮೇಲಕ್ಕೆ ಹಾರಿದ:
ಹಾರಿದಾಗ ಮಾತ್ರ ಕಾಲಡಿ ನೆರಳು,
ಇಳಿದರೆ ಮಾಯ.
ಹಾರಿದ, ಹಾರಿದ, ಕೆಳಮನೆಯ ಜಯಶೀಲಮ್ಮ
ಏನಾಯಿತೆಂದು ಮೇಲೆ ಬಂದು,
ನೈಟಿ ಎತ್ತಿ ಹಿಡಿದು ತಾನೂ ಒಂದು ಸಲ ಹಾರಿದಳು.

"ನಮ್ಮ ದೇವಸೂಗೂರದಾಗೂ ಈಗ ಹಿಂಗ ಐತೇನ?"
ಅತ್ತೆ ಕೇಳಿದರು.
ಇಲ್ಲ ಅಜ್ಜಿ, ಸೂರ್ಯ ಇನ್ನೂ ಬಡಗಣಕ್ಕೆ ನಡೀಬೇಕು,
ನಿನ್ನೂರು ಮುಟ್ಟೋಕೆ ಹನ್ನೊಂದು ದಿನ, ಹನ್ನೆರಡು.
"ಬಸ್ಸಿಗೆ ಒಂದು ರಾತ್ರಿ ಸಾಕಲ್ಲ!"
ಎಂದು ಅತ್ತೆ ಸೂರ್ಯನ ಮೇಲೆ ಮರುಕಪಟ್ಟು
ಅಲ್ಲಿಂದಲೇ ತಂಗಿಗೆ ಫೋನು ಹಚ್ಚಿದರು.
ಮುಂದಿನ ಗುರುವಾರದ ಹಿಂದಿನ ದಿನ, ಅಲ್ಲಲ್ಲ, ಅದರ ಮುಂದಿನದು,
ಅಂಗಳದಾಗ ಒಂದು ಚೆಂಬು ಇಡು,
ಯಾಕ ಅಂತ ಕೇಳಬ್ಯಾಡ, ನೋಡು.

ಹನ್ನೆರಡನೆಯ ದಿನ ಅತ್ತೆ ಊಟಕ್ಕೂ ಏಳಲಿಲ್ಲ,
ಫೋನು ತೊಡೆಯ ಮೇಲೆ.
ಒಂದೂ ಕಾಲಿಗೆ ಅದು ಬಂತು.
ಚೆಂಬು ಇಟ್ಟಿದ್ದಳಂತೆ ತಂಗಿ, ನಡು ಅಂಗಳದಲ್ಲೇ.
ಹನ್ನೆರಡೂ ಹತ್ತಕ್ಕೆ ಯಾರದೋ ಎಮ್ಮೆ ಬಂದು
ನೀರು ಕುಡಿದು ಚೆಂಬು ಕೆಡವಿ ಹೋಯಿತಂತೆ.

ರೇಣುಕಿ ಪುಸ್ತಕ ತೆರೆದು ಕೇಳಿದಳು:
ಎಮ್ಮೆಯ ನೆರಳು ಎಲ್ಲಿತ್ತು, ಕೇಳು ಅಜ್ಜಿ.